ಎದುರಿಗೆ ನಿಂತ ಕುರಿ

ಏಳು ತಿಂಗಳಿಂದ ಹಗಲು ರಾತ್ರಿ ಎನ್ನದೆ ತಿರುಗುತ್ತಿದ್ದ ಆ ಸದ್ದು ಪಾಲಣ್ಣನಿಗೆ ಇವತ್ತು ಮತ್ತೆ ಕೇಳಿಸತೊಡಗಿತ್ತು. ಗೋಡೆ ಗಡಿಯಾರದ ಟಿಕ್‌ಟಿಕ್ ಮನೆಯವರಿಗೆ ಕೇಳಿಸದ ಹಾಗೆ, ನಡುಮನೆಯ ಮೂಲೆಯಲ್ಲಿ ಹಳೆಯ ಹೊಲಿಗೆ ಮಿಷನ್ನಿನ ಮೇಜಿನ ಮೇಲೆ ಕೂತಿದ್ದ ಕಂಪ್ಯೂಟರಿನ ಫ್ಯಾನಿನ ಸದ್ದೂ ಅವನಿಗೆ ಎಂದೋ ಕೇಳಿಸದಾಗಿತ್ತು. ಇವತ್ತು ಹಲ್ಲುಜ್ಜುವಾಗ ಕೇಳಿಸಿತು, ಉಪ್ಪಿಟ್ಟು ತಿನ್ನುವಾಗ ಕೇಳಿಸಿತು, ಹಿತ್ತಲಲ್ಲಿ ನಿಂತು ಸುಮ್ಮನೆ ಬೇಲಿ ನೋಡುವಾಗಲೂ ಕೇಳಿಸಿತು. ಬುಧವಾರ. ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸಕ್ಕೆ ರಜೆ ಹಾಕಿದ್ದ. ರಜೆ ಚೀಟಿಯಲ್ಲಿ ಕಾರಣ ಬರೆಯುವ ಜಾಗದಲ್ಲಿ ‘ಮನೆಗೆ ನೆಂಟರು ಬರುವುದರಿಂದ’ ಎಂದು ಬರೆದಿದ್ದ. ಬರುವವನು ಸ್ವಂತ ಅಣ್ಣ. ಅಣ್ಣನನ್ನು ನೆಂಟ ಎಂದು ಬರೆದ ಕೈಯನ್ನು ಆಮೇಲೆ, ಮಸಿ ಏನೂ ಅಂಟಿರದಿದ್ದರೂ, ಪ್ಯಾಂಟಿಗೆ ಒರೆಸಿಕೊಂಡಿದ್ದ. ನಿನ್ನೆ ಮಧ್ಯಾಹ್ನ ಧರ್ಮಪುರದ ಕಾಯಿನ್ ಬೂತಿನಿಂದ ಫೋನ್ ಮಾಡಿದ ಜಂಪಣ್ಣ ಹ್ಯಾಗಿದ್ದೀಯ ಎಂದೂ ಕೇಳಿರಲಿಲ್ಲ. “ನಾಳೆ ಹಟ್ಟಿ ಯಜಮಾನ್ರನ್ನ ಕರ್ಕಂಡು ಬರ್ತೀನಿ. ಆ ಮಿಷನ್ನು ಆರಿಸಬ್ಯಾಡ, ನೋಡ್ಬೇಕು,” ಎಂದಷ್ಟೇ ಹೇಳಿ ಇಟ್ಟಿದ್ದ.

“ನಿಮ್ಮ ಕುರಿಗಳ ಮೇಲೆ ಧೂಳು ಕುಂತೈತೆ. ಒರೆಸ್ಲೇನು?” ಎಂದು ಹೆಂಡತಿ ಹುಚ್ಚಕ್ಕ ಬಟ್ಟೆ ಹಿಡಿದು ಮೇಜಿನ ಹತ್ತಿರ ಬಂದಳು.

“ಮುಟ್ಟಬ್ಯಾಡ ಅಂತ ಎಷ್ಟು ಸಲ ಹೇಳ್ಬೇಕೇ ನಿಂಗೆ?” ದನಿ ತನಗೇ ಬೇಡವಾಗುವಷ್ಟು ಮೇಲೆ ಹೋಯಿತು.

“ನಾನೇನು ಕಡಿಯಾಕೆ ಬಂದಿಲ್ಲ. ಬಟ್ಟೆ ತಕ್ಕಂಡು ಬಂದೀನಿ,” ಎಂದು ಆಕೆ ಮೇಜು ಬಿಟ್ಟು ಕಿಟಕಿ ಒರೆಸತೊಡಗಿದಳು. ಇಪ್ಪತ್ತೆರಡು ವರ್ಷದಲ್ಲಿ ಅವನ ಸಿಟ್ಟಿಗೂ ಈ ಫ್ಯಾನಿನ ಸದ್ದಿಗೂ ಅವಳು ಒಂದೇ ಬೆಲೆ ಕಟ್ಟಿದ್ದಳು.

ಬೇರೆಯವರ ವೆಬ್‌ಸೈಟುಗಳು ಎಲ್ಲೋ ದೂರದ ಕಂಪನಿಗಳ ಯಂತ್ರಗಳಲ್ಲಿ ಇರುತ್ತವೆ. ಪಾಲಣ್ಣನದು ಹಿರಿಯೂರಿನ ಅವನ ನಡುಮನೆಯಲ್ಲೇ ಇತ್ತು. ಯಾವ ಮೂಲೆಯಿಂದ ಯಾರೇ ಅದರ ಹೆಸರು ಒತ್ತಿದರೂ ಆ ಕರೆ, ಅವನೇ ಕಂಬ ಹತ್ತಿ ಎಳೆದ ತಂತಿಯಲ್ಲಿ ಬಂದು, ಕಿಟಕಿಯ ಮೂಲೆಯಿಂದ ಒಳಗಿಳಿದು, ಈ ಡಬ್ಬದ ಬಾಗಿಲು ತಟ್ಟಬೇಕು. ಡಬ್ಬ ಎದ್ದು ಪುಟ ಕೊಟ್ಟು ಕಳಿಸಬೇಕು. ಡಬ್ಬ ಆರಿದರೆ ವೆಬ್‌ಸೈಟು ಎಲ್ಲಿಯೂ ಇಲ್ಲ. “ಪುಕ್ಕಟೆ ಜಾಗ ಕೊಡೋ ಕಂಪನಿಗಳು ಬೇಕಾದಷ್ಟವೆ ಪಾಲಣ್ಣಾರೇ, ಅಲ್ಲಿ ಹಾಕ್ರಿ, ಕರೆಂಟ್ ಹೋದ್ರೂ ಚಿಂತೆ ಇಲ್ಲ,” ಎಂದು ಎಕ್ಸ್‌ಚೇಂಜಿನ ಹೊಸ ಎಂಜಿನಿಯರ್ ಚೇತನ್‌ಕುಮಾರ್ ಹೇಳಿದಾಗ, “ನಮ್ಮ ಕುರಿನ ಕಂಡೋರ ರೊಪ್ಪದಾಗೆ ಯಾಕೆ ಕೂಡ್ಲಿ?” ಎಂದು ಎದ್ದು ಬಂದಿದ್ದ. ಬ್ರಾಡ್‌ಬ್ಯಾಂಡ್ ಹಿರಿಯೂರಿಗೆ ಬಂದು ಆಗಿನ್ನೂ ವರ್ಷವಾಗಿರಲಿಲ್ಲ. ನೌಕರರಿಗೆ ರಿಯಾಯಿತಿಯಲ್ಲಿ ಸಿಕ್ಕಿತ್ತು. ಹಳ್ಳಿ ಶಾಲೆಯ ಇಂಗ್ಲಿಷು ಅವನದು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಮೂರು ತಿಂಗಳು ಗುದ್ದಾಡಿದ್ದ. ಲೈನು ಕಡಿದು ಮತ್ತೆ ಬಂದಾಗಲೆಲ್ಲ ಇಂಟರ್‌ನೆಟ್ಟಿನಲ್ಲಿ ಮನೆಯನ್ನು ಗುರುತಿಸುವ ನಂಬರೇ ಬದಲಾಗಿಬಿಡುತ್ತಿತ್ತು. ಹೊಸ ನಂಬರನ್ನು ಹಳೆಯ ಹೆಸರಿಗೆ ಮತ್ತೆ ಗಂಟು ಹಾಕುವುದನ್ನು ಕಲಿಯಲು ಹದಿನೆಂಟು ದಿನ ಹಿಡಿದಿತ್ತು. ಆ ಹದಿನೆಂಟು ದಿನ ಮನೆಯಲ್ಲಿ ಯಾರೂ ಅವನ ಜೊತೆ ಮಾತಾಡಿರಲಿಲ್ಲ, ಅಥವಾ ಅವನೇ ಆಡಗೊಟ್ಟಿರಲಿಲ್ಲ.

ಅಷ್ಟೆಲ್ಲ ಆಗಿ ಬಾಗಿಲು ತೆರೆದ ಮೇಲೆ ಒಳಗೆ ಇಡುವುದೇನು ಎಂಬ ಪ್ರಶ್ನೆ ಬಂದಿತ್ತು. ಮೊದಲು ತನ್ನ ಫೋಟೋ, ಹೆಸರು, ಹುಟ್ಟಿದ ದಿನಾಂಕ ಹಾಕಿ ನೋಡಿದ. ಪೇಪರಿನ ಶ್ರದ್ಧಾಂಜಲಿಯ ಹಾಗೆ ಕಾಣಿಸಿತು. ತೆಗೆದ. ನಲವತ್ತಾರು ವರ್ಷ ಬದುಕಿದ ಮನುಷ್ಯನ ಬಳಿ ನಾಲ್ಕು ಜನಕ್ಕೆ ತೋರಿಸುವಂಥದ್ದು ಏನೂ ಇಲ್ಲ ಎಂಬುದು ಆ ಬಿಳಿ ಪರದೆಯ ಮುಂದೆ ಕೂತಾಗ ಅವನಿಗೆ ಮೊದಲ ಸಲ ಗೊತ್ತಾದದ್ದು. ಕೊನೆಗೆ ಕೈ ಹೋದದ್ದು ಕುರಿಗಳ ಕಿವಿಗೆ. ಧರ್ಮಪುರದ ಆಚೆ ಅವನ ಹಟ್ಟಿಯಲ್ಲಿ ಹದಿನಾಲ್ಕು ಮನೆ, ಹದಿನಾಲ್ಕು ಗುರುತು. ಮರಿಯ ಕಿವಿಯ ತುದಿ ಹಾರಿಸಿದರೆ ಒಂದು ಮನೆ, ಸೀಳಿದರೆ ಒಂದು ಮನೆ, ಅಂಚಿನಲ್ಲಿ ಕಚ್ಚು ಹಾಕಿದರೆ ಇನ್ನೊಂದು. ಕನ್ನಡದಲ್ಲಿ ಟೈಪು ಮಾಡಿದರೆ ಬೇರೆ ಕಂಪ್ಯೂಟರಿನಲ್ಲಿ ಅಕ್ಷರ ಹೋಗಿ ಚೌಕ ಚೌಕ ಕಾಣುತ್ತಿದ್ದವು. ಅದಕ್ಕೇ ಬಿಳಿ ಹಾಳೆಯ ಮೇಲೆ ಕೈಯಲ್ಲೇ ಬರೆದು, ಒಂದೊಂದು ಹಾಳೆಗೆ ಒಂದೊಂದು ಕುರಿಯ ಮುಖ ಬಿಡಿಸಿ, ಎರಡು ಕಿವಿ ಇಟ್ಟು, ಕೆಳಗೆ ಮನೆಯ ಹೆಸರು ಹಾಕಿ, ಸ್ಕ್ಯಾನ್ ಮಾಡಿಸಿ ಏರಿಸಿದ. ಮುಖಗಳು ಚೆನ್ನಾಗಿ ಬಂದಿದ್ದವು. ಕಣ್ಣು ಬರೆಯುವಾಗ, ಮೂಗಿನ ಹೊಳ್ಳೆ ಬರೆಯುವಾಗ, ಅಪ್ಪ ತನ್ನನ್ನು ಕುರಿಯ ಬೆನ್ನ ಮೇಲೆ ಕೂರಿಸಿ ಎರಡು ಕೈಗೂ ಎರಡು ಕಿವಿ ಹಿಡಿಸಿದ್ದು, ಬಲಗೈ ಹಿಡಿದಿದ್ದ ಕಿವಿಯ ತುದಿ ಮೊಂಡಾಗಿ ಬೆರಳಿಗೆ ತಾಗುತ್ತಿದ್ದದ್ದು, ಎಡಗೈಯ ಕಿವಿಯ ಸೀಳಿನಲ್ಲಿ ಹೆಬ್ಬೆರಳು ತೂರುತ್ತಿದ್ದದ್ದು, ಎಲ್ಲ ನೆನಪಾಗಿತ್ತು. ಅದೇ ತಮ್ಮ ಮನೆಯ, ಈಗ ಜಂಪಣ್ಣನ ಮನೆಯ, ಗುರುತು. ಬಲಕ್ಕೆ ತುದಿ, ಎಡಕ್ಕೆ ಸೀಳು.

ಗುರುತನ್ನು ಹೊರಗಿನವರಿಗೆ ಹೇಳುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಸಂತೆಯಲ್ಲಿ ಯಾರೋ ಮಾರಲು ತಂದ ಕುರಿಯ ಕಿವಿ ಕಂಡು ಅನುಮಾನ ಬಂದರೆ ಕುರಿಗಾರರು ಕೇಳುವುದು ಒಂದೇ ಮಾತು, ಇದು ಯಾರ ಮನೇದು ಎಂದು. ಕಿವಿ ಯಾರ ಕಣ್ಣಿಗೂ ಕಾಣುತ್ತದೆ. ಯಾವ ಕಿವಿ ಯಾವ ಮನೆಗೆ ಎಂಬುದು ಕುರಿಗಾರರಿಗೆ ಮಾತ್ರ ಗೊತ್ತು. ಮನೆಯ ಹೆಸರು ಸರಿಯಾಗಿ ಹೇಳಿದವನು ಆ ಮನೆಯಿಂದಲೇ ಕೊಂಡವನು, ತಪ್ಪಿದವನು ಕಳ್ಳ. ಇದು ಗೊತ್ತಿದ್ದೇ ಹಾಕಿದ್ದ. ಹಾಕದಿದ್ದರೆ ಅವನ ಬಳಿ ಹಾಕಲು ಬೇರೇನೂ ಇರಲಿಲ್ಲ. ಹಾಕಿದ್ದು ಸಾಲದೆಂದು ಆದಿವಾಲದಲ್ಲಿ ನಡೆದ ನೆಂಟರ ಮದುವೆಯಲ್ಲಿ ಊಟವಾದ ಮೇಲೆ ಚಪ್ಪರದ ಕೆಳಗೆ ಕುರ್ಚಿ ತಿರುಗಿಸಿ ಕೂತು, ವಿಳಾಸ ಬರೆದ ಚೀಟಿ ಹಂಚುತ್ತ, “ಇಡೀ ಲೋಕಕ್ಕೆ ಕಾಣ್ತೈತೆ. ಅಮೆರಿಕದಾಗೆ ಕುಂತೋನೂ ನಮ್ಮ ಹಟ್ಟಿ ಕುರಿ ನೋಡ್ಬಹುದು. ಯಾರು ಬಂದ್ರು, ಎಷ್ಟೊತ್ತಿಗೆ ಬಂದ್ರು, ಯಾವ ಪುಟ ನೋಡಿದ್ರು, ಎಲ್ಲಾ ಮಿಷನ್ನೇ ಬರ್ಕಂತೈತೆ,” ಎಂದಿದ್ದ. ಜಂಪಣ್ಣ ಎಲೆ ಅಡಿಕೆ ಜಗಿಯುತ್ತ ಕೇಳಿ, ಚೀಟಿಯನ್ನು ಬೀಡಿ ಕಟ್ಟಿನ ಜೊತೆ ಜೇಬಿಗೆ ಹಾಕಿಕೊಂಡಿದ್ದ. ಆಗ ಅಣ್ಣನ ಮುಖದಲ್ಲಿ ಕಂಡದ್ದು ಹೆಮ್ಮೆ ಎಂದೇ ಪಾಲಣ್ಣ ತಿಳಿದಿದ್ದ.

ಇಪ್ಪತ್ತು ದಿನದ ಹಿಂದೆ ಜಂಪಣ್ಣನ ಕುರಿ ಕೂಡುವ ರೊಪ್ಪದಿಂದ ಹನ್ನೊಂದು ಕುರಿ ಹೋದವು. ಆಂಧ್ರದ ಕಡೆಯ ಒಂದು ಸಂತೆಯಲ್ಲಿ ನೆಂಟನೊಬ್ಬ ಆ ಕಿವಿಗಳನ್ನು ಕಂಡು, ಮಾರುವವನ ತೋಳು ಹಿಡಿದು, ಯಾರ ಮನೇವು ಎಂದು ಕೇಳಿದ್ದಾನೆ. “ಧರ್ಮಪುರದ ಕಡೆ ಜಂಪಣ್ಣನ ಮನೇವು, ಮೊನ್ನೆ ಕೊಂಡೆ,” ಎಂದಿದ್ದಾನೆ ಅವನು, ಕಣ್ಣು ಮಿಟುಕಿಸದೆ. ತೋಳು ಬಿಟ್ಟಿದ್ದಾನೆ ನೆಂಟ. ಹೋದ ಕುರಿ ಹೋದವು. ಕಳ್ಳನಿಗೆ ಮನೆಯ ಹೆಸರು ಹೇಳಿಕೊಟ್ಟವರು ಯಾರು ಎಂದು ಹಟ್ಟಿಯಲ್ಲಿ ಮಾತು ಎದ್ದಾಗ, ಹದಿನಾಲ್ಕು ಮನೆಯವರಿಗೂ ಚಪ್ಪರದ ಕೆಳಗಿನ ಕುರ್ಚಿ ನೆನಪಾಗಿತ್ತು.

ಯಾರು ಬಂದರು ಎಂದು ಮಿಷನ್ನು ಬರೆದುಕೊಳ್ಳುತ್ತಿದ್ದದ್ದು ನಿಜ. ಒಬ್ಬರು ಬಂದರೆ ಒಂದು ಸಾಲು. ಮೊದಲ ವಾರ ಮುನ್ನೂರು ಸಾಲು ಬಂದಾಗ ಪಾಲಣ್ಣ ಕಾಲು ಕೇಜಿ ಮೈಸೂರುಪಾಕು ತಂದು, ಮುನ್ನೂರು ಜನ ಕಣೇ ಎಂದು ಹುಚ್ಚಕ್ಕನ ಕೈಗಿಟ್ಟಿದ್ದ. ಉಳಿದದ್ದನ್ನು ಎಕ್ಸ್‌ಚೇಂಜಿಗೆ ಒಯ್ದಿದ್ದ. ಚೇತನ್‌ಕುಮಾರ್ ಒಂದು ತುಂಡು ಬಾಯಲ್ಲಿಟ್ಟುಕೊಂಡೇ ಸಾಲುಗಳನ್ನು ನೋಡಿ, “ಇವು ಜನ ಅಲ್ಲ ಪಾಲಣ್ಣಾರೇ. ತೂತು ಹುಡುಕ್ಕಂಡು ಊರೂರ ಬಾಗಿಲು ತಳ್ಳಿ ನೋಡೋ ಮಿಷನ್ನುಗಳು. ವೈರಸ್ಸು,” ಎಂದಿದ್ದ. ಆಮೇಲೆ ಪಾಲಣ್ಣ ಅವನ್ನು ಬೇರ್ಪಡಿಸುವುದನ್ನು ಕಲಿತ. ಬೇರ್ಪಡಿಸಿದ ಮೇಲೆ ಉಳಿದದ್ದು ತಾನೇ. ಮನೆಯಲ್ಲಿ ನೋಡಿದ ತಾನು, ಎಕ್ಸ್‌ಚೇಂಜಿನಲ್ಲಿ ನೋಡಿದ ತಾನು, ಕಾಣುತ್ತದೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನ ಬಳಿಯ ಬ್ರೌಸಿಂಗ್ ಸೆಂಟರಿಗೆ ಹೋಗಿ ನೋಡಿದ ತಾನು. ಹುಚ್ಚಕ್ಕನಿಗೆ ಇದನ್ನು ಹೇಳಲಿಲ್ಲ.

ಆದರೆ ಒಂದು ಸಾಲು ಉಳಿದಿತ್ತು. ನಾಲ್ಕು ತಿಂಗಳಿಂದ ಪ್ರತಿ ಬುಧವಾರ, ನಾಲ್ಕು ಗಂಟೆಯ ಆಚೆ ಈಚೆ, ಯಾರೋ ಒಬ್ಬರು ಬರುತ್ತಿದ್ದರು. ಬೇರೆ ಯಾವ ಮನೆಯ ಪುಟವನ್ನೂ ತೆರೆಯದೆ ಜಂಪಣ್ಣನ ಮನೆಯ ಪುಟವನ್ನೇ ತೆರೆದು, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ತೆರೆದು ಹೋಗುತ್ತಿದ್ದರು. ಕುರಿ ಕಳುವಾದ ಸುದ್ದಿ ಬಂದಾಗ ಪಾಲಣ್ಣ ಆ ಸಾಲಿನ ಮುಂದೆ ಹೋಗಿ ಕೂತಿದ್ದ. ಕಳ್ಳ ಬ್ರೌಸಿಂಗ್ ಸೆಂಟರಿಗೆ ಹೋಗಿ ಕುರಿ ನೋಡುತ್ತಾನೆಯೇ ಎಂದು ತನ್ನನ್ನೇ ಬೈದುಕೊಂಡ; ಬೈದುಕೊಂಡರೂ ಸಾಲಿನಲ್ಲಿದ್ದ ಚಿತ್ರದುರ್ಗದ ನಂಬರನ್ನು ಚೀಟಿಯಲ್ಲಿ ಬರೆದುಕೊಂಡ. ಕೊನೆಗೆ ಚಿತ್ರದುರ್ಗದ ಎಕ್ಸ್‌ಚೇಂಜಿನಲ್ಲಿದ್ದ ಹಳೆಯ ಗೆಳೆಯ ಬಾಲರಾಜುವಿಗೆ ಫೋನ್ ಮಾಡಿ, ಕೇಳಬಾರದ್ದನ್ನು ಕೇಳಿದ. ಆ ನಂಬರು ಯಾವ ಲೈನಿನದು? ಬಾಲರಾಜು ಮಾರನೆಯ ದಿನ, “ಹೆಣ್ಣುಮಕ್ಕಳ ಹಾಸ್ಟೆಲ್ಲು ಐತಲ್ಲಪ್ಪ, ಅದರ ಎದುರಿನ ಬ್ರೌಸಿಂಗ್ ಸೆಂಟರು. ಏನಲೇ ಪಾಲಾ, ಈ ವಯಸ್ಸಿನಾಗೆ ಯಾರನ್ನ ಹುಡುಕ್ತಿದ್ದೀಯ?” ಎಂದು ನಕ್ಕ. ಪಾಲಣ್ಣ ನಗಲಿಲ್ಲ. ಆ ಹಾಸ್ಟೆಲ್ಲಿನಲ್ಲಿ ಜಂಪಣ್ಣನ ಮಗಳು ಕಾವ್ಯಶ್ರೀ ಇದ್ದಳು.

ಅವಳನ್ನು ಅಲ್ಲಿಗೆ ಸೇರಿಸಿದವನು ಅವನೇ. ಹಟ್ಟಿಯಿಂದ ಕಾಲೇಜಿಗೆ ಹೋದ ಮೊದಲ ಹುಡುಗಿ. ಜಂಪಣ್ಣ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಹಾಸ್ಟೆಲ್ಲು, ಕಾಲೇಜು, ಎರಡೇ ಜಾಗ, ಮೂರನೇ ಜಾಗದಲ್ಲಿ ಕಾಲಿಟ್ಟಳು ಎಂದು ಕಿವಿಗೆ ಬಿದ್ದರೆ ಮಾರನೇ ದಿನವೇ ಕುರಿಯ ಹಿಂದೆ. ಸೇರಿಸುವ ದಿನ ಕಾಲೇಜಿನ ಆಫೀಸಿನ ಕಿಟಕಿಯ ಮುಂದೆ ಸಾಲು ನಿಂತಿತ್ತು. ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗದಲ್ಲಿ ಊರಿನ ಹೆಸರು ಬರೆದುಬಿಟ್ಟಿದ್ದಳು. “ಇಷ್ಟೂ ಗೊತ್ತಾಗಲ್ವೇನೇ ಕುರಿ ಕಾಯೋಳೇ,” ಎಂದು ಪಾಲಣ್ಣ ಕಿರುಚಿದ್ದ. ಕಿಟಕಿಯೊಳಗಿನ ಗುಮಾಸ್ತ ತಲೆ ಎತ್ತಿ ನೋಡಿದ್ದ. ಪೇಟೆಯ ಹುಡುಗಿಯರು ಹಿಂದೆ ತಿರುಗಿ ನೋಡಿದ್ದರು. ಅವಳು ಅಳಲಿಲ್ಲ. ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ, ಹೊಸದೊಂದು ಕೊಡ್ರಿ ಸಾರ್ ಎಂದು ಗುಮಾಸ್ತನನ್ನು ಕೇಳಿದ್ದಳು. ಸಂಜೆ ಹಾಸ್ಟೆಲ್ಲಿನ ಗೇಟಿನಲ್ಲಿ ಬಿಟ್ಟು ಬರುವಾಗ, ಸಮಾಧಾನ ಹೇಳಲು ಬಾಯಿ ಬಾರದೆ, ಜೇಬಿನಲ್ಲಿದ್ದ ಕಾಗದದ ಚೂರಿನಲ್ಲಿ ವೆಬ್‌ಸೈಟಿನ ವಿಳಾಸ ಬರೆದು, ಇದು ನಂದು ಎಂದು ಕೊಟ್ಟಿದ್ದ. ಆಮೇಲೆ ಎಷ್ಟು ಸಲ ಫೋನಿನಲ್ಲಿ ಸಿಕ್ಕಿದರೂ ಅವಳು ಆ ಮಾತೇ ಎತ್ತಿರಲಿಲ್ಲ. ಅದಕ್ಕೂ ಒಳಗೊಳಗೇ ಸಿಟ್ಟಾಗಿದ್ದ.

ಹೀಗೆ ಈ ಬುಧವಾರ ಅವನ ಬಳಿ ಇದ್ದದ್ದು ಒಂದೇ ಸಾಕ್ಷಿ. ನಿನ್ನ ಪುಟವನ್ನು ಯಾವ ಕಳ್ಳನೂ ನೋಡಿಲ್ಲ, ನೋಡಿದವಳು ನಿನ್ನ ಮಗಳೊಬ್ಬಳೇ ಎಂದು ಅಣ್ಣನಿಗೆ ಹೇಳಿದರೆ ತನ್ನ ತಲೆ ಉಳಿಯುತ್ತದೆ. ಮಾರನೇ ದಿನ ಅವಳ ಪೆಟ್ಟಿಗೆ ಧರ್ಮಪುರದ ಬಸ್ಸಿನ ಮೇಲೆ ಇರುತ್ತದೆ.

ಅವರು ಬಂದಾಗ ಮೂರು ಗಂಟೆ ದಾಟಿತ್ತು. ಜಂಪಣ್ಣ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ತಮ್ಮನ ಮುಖ ನೋಡದೆ ಒಳಗೆ ಬಂದ. ಅವನ ಹಿಂದೆ ಹಟ್ಟಿಯ ಯಜಮಾನ ಚಿತ್ರಲಿಂಗಪ್ಪ, ಹೆಗಲ ಮೇಲೆ ಮಡಿಸಿದ ಕಂಬಳಿ, ಕೈಯಲ್ಲಿ ಕೋಲು.

“ಬರ್ರಿ ಅಜ್ಜಾರೇ, ಕುಂತ್ಕಳ್ರಿ,” ಎಂದ ಪಾಲಣ್ಣ. ಹುಚ್ಚಕ್ಕ ನೀರು ತಂದಿಟ್ಟು ಅಡುಗೆ ಮನೆಯ ಬಾಗಿಲಿಗೆ ಸರಿದು ನಿಂತಳು.

“ಇದೇ ಏನಪ್ಪ ಅದು?” ಎಂದ ಚಿತ್ರಲಿಂಗಪ್ಪ ಡಬ್ಬದ ಕಡೆ ಕೋಲು ತೋರಿಸಿ. “ಉಸಿರಾಡ್ತೈತಲ್ಲೋ.”

“ಫ್ಯಾನು ಅಜ್ಜಾ. ಬಿಸಿಯಾಗ್ತೈತೆ, ಅದಕ್ಕೆ.”

ಜಂಪಣ್ಣ ಕೂರಲಿಲ್ಲ. “ಯಾರು ಯಾರು ನೋಡ್ಯಾರೆ ಅಂತ ಅದು ಬರ್ಕಂತೈತೆ ಅಂದಿದ್ದೆ. ತಗಿ. ಓದು. ಅದ್ರಾಗೆ ಕಳ್ಳ ಯಾರು ಅಂತ ನೋಡಾಣ.”

ಪರದೆಯ ಕೆಳಭಾಗದಲ್ಲಿ ಸಾಲುಗಳು ಇದ್ದವು, ನಂಬರು ಮತ್ತು ಇಂಗ್ಲಿಷು. ಅಣ್ಣನಿಗೆ ಓದಲು ಬಾರದು. ಏನು ಬೇಕಾದರೂ ಹೇಳಬಹುದಿತ್ತು. ದಿಲ್ಲಿಯವರು ನೋಡಿದ್ದಾರೆ, ಲಂಡನ್ನಿನವರು ನೋಡಿದ್ದಾರೆ, ಅವರೇನು ಕುರಿ ಕದಿಯಲು ಬರುತ್ತಾರೆಯೇ ಎನ್ನಬಹುದಿತ್ತು. ಆ ಸುಳ್ಳು ನಾಲಿಗೆಯ ಮೇಲೆ ಬಂದೂ ಇತ್ತು. ಆದರೆ ಒಬ್ಬರು ನೋಡುತ್ತಾರೆ ಎಂದರೆ ಇನ್ನೊಬ್ಬರೂ ನೋಡಿರಬಹುದು. ಲೋಕವೆಲ್ಲ ನೋಡಿದರೆ ಕಳ್ಳನೂ ನೋಡಿದ್ದಾನೆ.

“ಯಾರೂ ಇಲ್ಲ,” ಎಂದ.

“ಯಾರೂ ಅಂದ್ರೆ?”

“ಯಾರೂ ಅಂದ್ರೆ ಯಾರೂ. ಏಳು ತಿಂಗಳಾತು, ಒಂದು ನರಪಿಳ್ಳೆ ಬಂದಿಲ್ಲ. ನಾನೇ ಹಾಕದು, ನಾನೇ ನೋಡ್ಕಂಬದು. ಇಲ್ಲಿ ನೋಡಿದ್ದು ಸಾಲ್ದು ಅಂತ ಆಫೀಸಿಗೆ ಹೋಗಿ ಅಲ್ಲಿಂದ ನೋಡ್ಕಂಬದು.”

ಅಡುಗೆ ಮನೆಯ ಬಾಗಿಲಲ್ಲಿ ಬಳೆಯ ಸದ್ದು ನಿಂತಿತು. ಮುನ್ನೂರು ಜನ ಎಂದು ನಂಬಿ ಮೈಸೂರುಪಾಕು ತಿಂದಿದ್ದ ಹೆಂಗಸು ಅಲ್ಲಿ ನಿಂತಿದ್ದಳು. ಅವಳು ಏನಾದರೂ ಅನ್ನಲಿ ಎಂದು ಪಾಲಣ್ಣ ಕಾದ. ಒಳಗೆ ಹೋಗಿ ಹಾಲು ಒಲೆಯ ಮೇಲಿಟ್ಟ ಸದ್ದು ಬಂತು.

“ಮದುವೆ ಮನೆಯಾಗೆ ಇಡೀ ಲೋಕ ಅಂದೆ. ಇವತ್ತು ನರಪಿಳ್ಳೆ ಇಲ್ಲ ಅಂತೀಯ,” ಎಂದ ಜಂಪಣ್ಣ. “ಎರಡ್ರಾಗೆ ಯಾವುದಲೇ ಸುಳ್ಳು?”

“ಅವತ್ತಿಂದು.”

“ಸುಳ್ಳು ಹೇಳೋ ಬಾಯಿ ಅವತ್ತೂ ಇದೇ, ಇವತ್ತೂ ಇದೇ. ಹನ್ನೊಂದು ಕುರಿ ಕಣಲೇ. ನಿನ್ನ ದೊಡ್ಡಸ್ತಿಕೆಗೆ ಮನೆ ಗುರುತು ಬೀದಿಗಿಟ್ಟೆ. ನೌಕರಿ ಸಿಕ್ಕಿತು ಅಂತ ಕುರಿ ಬಿಟ್ಟು ಹೋದೋನಿಗೆ ಕುರಿ ಯಾಕೆ ಬೇಕಿತ್ತು? ನಿನ್ನ ಕಂಬದ ಚಿತ್ರ ಹಾಕ್ಕಂಬೇಕಿತ್ತು.”

ಪಾಲಣ್ಣನ ಕಿವಿ ಕಾದವು. ಈ ಬಿಸಿ ಅವನಿಗೆ ಗೊತ್ತಿತ್ತು. ಇದು ಏರಿದ ಮೇಲೆ ಬಾಯಿ ಅವನ ಮಾತು ಕೇಳುತ್ತಿರಲಿಲ್ಲ. ನಿನ್ನ ಮಗಳನ್ನು ಕೇಳು ಹೋಗು, ವಾರ ವಾರ ಬಂದು ನೋಡುತ್ತಾಳೆ, ಆ ಚಿತ್ರದಲ್ಲಿ ಏನಿದೆ ಎಂದು ಅವಳಿಗೆ ಗೊತ್ತು ಎಂದು ಹೇಳಿ ಗೆದ್ದುಬಿಡಬಹುದಿತ್ತು. ಒಂದು ವಾಕ್ಯ ಸಾಕಾಗಿತ್ತು. ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದ. ನಾಲ್ಕು ಮಡಿಕೆಯಾದ ಅರ್ಜಿಯೊಂದು ಅವನಿಗೆ ಕಂಡಿತು, ಮಡಿಸುತ್ತಿದ್ದ ಬೆರಳುಗಳು ಕಂಡವು.

“ಜಗಳ ಆಮ್ಯಾಲೆ ಆಡ್ರಿ,” ಎಂದ ಚಿತ್ರಲಿಂಗಪ್ಪ. “ಮೊದ್ಲು ಕುರಿ ತೋರ್ಸಪ್ಪ.”

ಪಾಲಣ್ಣ ಅಣ್ಣನ ಮನೆಯ ಪುಟ ತೆರೆದ. ಕೆಳಗಿನ ಸಾಲುಗಳಷ್ಟು ಬಿಟ್ಟು ಪರದೆಯ ತುಂಬ ಕುರಿಯ ಮುಖ ಬಂತು. ದೊಡ್ಡ ಕಣ್ಣು, ಹೊಳ್ಳೆ, ಎರಡು ಕಿವಿ. ಮುದುಕ ಕುರ್ಚಿಯನ್ನು ಎಳೆದುಕೊಂಡು ಹತ್ತಿರ ಕೂತ. ತುಂಬ ಹೊತ್ತು ನೋಡಿದ. ಆಮೇಲೆ ಕೋಲನ್ನು ತೊಡೆಯ ಮೇಲಿಟ್ಟು, ಎರಡೂ ಕೈ ಎತ್ತಿ, ಪರದೆಯ ಎರಡು ಪಕ್ಕ ಹಿಡಿದ, ಕುರಿಯ ತಲೆ ಹಿಡಿದ ಹಾಗೆ.

“ಇದು ಯಾರ ಮನೇದು ಅಂತ ಬರ್ದೀಯ?”

“ನಮ್ಮನೇದು.”

“ನಿಮ್ಮನೇದು ಅಲ್ಲ. ಇದು ಓಬಳೇಶಪ್ಪನ ಮನೇದು.”

“ಅಲ್ಲ ಅಜ್ಜಾ. ಬಲಕ್ಕೆ ತುದಿ, ಎಡಕ್ಕೆ ಸೀಳು. ನೋಡ್ರಿ, ಬಲಗಡೆ.”

“ನಿನ್ನ ಬಲ. ಕುರಿ ಬಲ ಯಾವುದು?” ಮುದುಕ ಪರದೆಯ ಕುರಿಯ ಹಣೆಗೆ ಬೆರಳಿಟ್ಟ. “ಇದು ನನ್ನ ಮುಖ ನೋಡ್ತಾ ನಿಂತೈತೆ. ಇದರ ಬಲಗಿವಿ ಇಲ್ಲಿ, ನನ್ನ ಎಡಗೈ ಕಡೆ. ಇಲ್ಲಿ ಏನೈತೆ? ಸೀಳು. ತುದಿ ಎಲ್ಲೈತೆ? ಎಡಗಿವಿಗೆ. ನಿಮ್ಮ ಅಜ್ಜಾರು ಅಣ್ಣ ತಮ್ಮ ಪಾಲಾದಾಗ ತಮ್ಮನ ಮನೆಗೆ ಗುರುತು ತಿರುವಿ ಕೊಟ್ರು. ಅದು ಓಬಳೇಶಪ್ಪನ ಮನೆ. ಕುರಿ ಹಿಡಿಯೋನು ಹಿಂದೆ ನಿಂತ್ಕಂತಾನೆ, ಇಲ್ಲಾ ಮೇಲೆ ಕುಂತ್ಕಂತಾನೆ. ಎದುರಿಗೆ ನಿಂತು ಮುಖ ನೋಡೋನು ಯಾರಪ್ಪ?” ಉತ್ತರವನ್ನೂ ಅವನೇ ಹೇಳಿದ. “ಕೊಳ್ಳಾಕೆ ಬಂದೋನು.”

ಪಾಲಣ್ಣ ಪರದೆಯನ್ನೇ ನೋಡುತ್ತ ನಿಂತ. ಅವನ ಎರಡೂ ಕೈ ತಾವಾಗಿಯೇ ಮೇಲೆ ಬಂದಿದ್ದವು. ಬಲಗೈ ಮೊಂಡು ತುದಿಯನ್ನು ಹುಡುಕುತ್ತಿತ್ತು, ಎಡ ಹೆಬ್ಬೆರಳು ಸೀಳನ್ನು. ಕೈಗಳಿಗೆ ಎಲ್ಲ ಗೊತ್ತಿತ್ತು. ಕೈಗಳು ಹೇಳಿದ್ದನ್ನು ಹೇಳಿದ ಕಡೆಯೇ ಬರೆದು, ಆಮೇಲೆ ನಡುವೆ ಕಣ್ಣು ಮೂಗು ಇಟ್ಟು, ಕುರಿಯನ್ನು ತನ್ನ ಕಡೆಗೆ ತಿರುಗಿಸಿಕೊಂಡವನು ತಾನು. ಒಂದು ಮನೆಯದಲ್ಲ, ಹದಿನಾಲ್ಕು ಮನೆಯದೂ. ಏಳು ತಿಂಗಳು ಹದಿನಾಲ್ಕು ಕುರಿಗಳು ಅವನ ಮುಖ ನೋಡುತ್ತ ನಿಂತಿದ್ದವು.

ಚಿತ್ರಲಿಂಗಪ್ಪನಿಗೆ ನಗು ಬಂದಿತ್ತು. ಮೈಯೆಲ್ಲ ಅಲುಗಿಸಿ ಸದ್ದಿಲ್ಲದೆ ನಗುತ್ತಿದ್ದ. “ಜಂಪಾ, ಇದನ್ನ ನೋಡ್ಕಂಡು ಹೋಗಿದ್ದಿದ್ರೆ ಆ ಕಳ್ಳ ನಿನ್ನ ಕುರಿನ ಓಬಳೇಶಪ್ಪನ ಮನೇವು ಅಂತಿದ್ದ. ಸಂತೆಯಾಗೇ ಮರಕ್ಕೆ ಕಟ್ಟಿ ಹಾಕ್ತಿದ್ರು. ನಿನ್ನ ತಮ್ಮ ಕಳ್ಳನಿಗೆ ಏನೂ ಹೇಳ್ಕೊಟ್ಟಿಲ್ಲ ಬಿಡು. ಅವನಿಗೇ ಗೊತ್ತಿಲ್ಲ.”

ಜಂಪಣ್ಣ ಮೊದಲ ಸಲ ತಮ್ಮನ ಮುಖ ನೋಡಿದ. ಆ ಕಣ್ಣಲ್ಲಿ ಸಿಟ್ಟು ಇರಲಿಲ್ಲ. ಅದು ಇದ್ದಿದ್ದರೆ ಚೆನ್ನಾಗಿತ್ತು ಎನಿಸಿತು ಪಾಲಣ್ಣನಿಗೆ. ಪೇಟೆಯಲ್ಲಿ ದಾರಿ ತಪ್ಪಿದ ಊರವನನ್ನು ನೋಡುವ ಹಾಗೆ ನೋಡಿದ. “ಆ ತಮ್ಮನಂಗೆ ನಾನೂ ಪಾಲಾದೆ ಅಂತ ನೀನೇ ಬರ್ಕಂಡಂಗಾತಲ್ಲಲೇ,” ಎಂದ, ಮೆಲ್ಲಗೆ. ಆಮೇಲೆ ಕುರ್ಚಿಯ ಮೇಲೆ ಕೂತ. “ಹೋಗ್ಲಿ ಬಿಡು. ಕುರಿ ಹೋದದ್ದು ಹೋತು.”

ಹುಚ್ಚಕ್ಕ ಚಾ ತಂದಳು. ಪಾಲಣ್ಣನ ಲೋಟವನ್ನು ಕೈಗೆ ಕೊಡದೆ ಮೇಜಿನ ಮೇಲಿಟ್ಟಳು. ಇಡುವಾಗ ಬೇಕೆಂದೇ ಒಂದು ಗಳಿಗೆ ಹೆಚ್ಚು ನಿಂತಳು. ಎಲ್ಲರೂ ಊದಿಕೊಂಡು ಕುಡಿದರು. ಧರ್ಮಪುರದ ಬಸ್ಸು ನಾಲ್ಕೂವರೆಗೆ.

“ಆರ್ಸು ಅದನ್ನ,” ಎಂದ ಜಂಪಣ್ಣ ಲೋಟ ಕೆಳಗಿಟ್ಟು. “ಓಬಳೇಶಪ್ಪನ ಮಕ್ಕಳ ಕಿವಿಗೆ ಬಿದ್ರೆ ಅದೊಂದು ಬೇರೆ ಜಗಳ. ಈಗ್ಲೇ ಆರ್ಸು, ನನ್ನ ಮುಂದೆ.”

ಪಾಲಣ್ಣ ಮೇಜಿನ ಹತ್ತಿರ ಹೋದ. ಸ್ವಿಚ್ಚಿನ ಮೇಲೆ ಬೆರಳಿಟ್ಟ. ಆಗ ಪರದೆಯ ಕೆಳಭಾಗದಲ್ಲಿ ಒಂದು ಹೊಸ ಸಾಲು ಬಂತು. ನಾಲ್ಕು ಗಂಟೆ ಏಳು ನಿಮಿಷ. ಚಿತ್ರದುರ್ಗದ ಆ ನಂಬರು. ಕಾವ್ಯಶ್ರೀ ಮೊದಲ ಪುಟವನ್ನು ತೆಗೆದುಕೊಂಡಳು. ಇನ್ನು ಜಂಪಣ್ಣನ ಮನೆಯ ಪುಟವನ್ನು ಕೇಳುತ್ತಾಳೆ. ಹಾಸ್ಟೆಲ್ಲಿನಿಂದ ರಸ್ತೆ ದಾಟಿ, ದುಪಟ್ಟ ತಲೆಯ ಮೇಲೆ ಎಳೆದುಕೊಂಡು, ಗಂಟೆಗೆ ಇಷ್ಟೆಂದು ಕೊಟ್ಟು, ಹುಡುಗರ ನಡುವೆ ಒಂದು ಮೂಲೆಯ ಕುರ್ಚಿ ಹಿಡಿದು ಕೂತಿದ್ದಾಳೆ. ಕುರಿ ಕಾಯುತ್ತ ಬೆಳೆದವಳು ಅವಳು. ಮೊದಲ ದಿನವೇ ಗೊತ್ತಾಗಿರಬೇಕು ಅವಳಿಗೆ, ಇದು ತಮ್ಮ ಮನೆಯ ಕುರಿ ಅಲ್ಲ ಎಂದು. ಗೊತ್ತಿದ್ದೂ ಬರುತ್ತಿದ್ದಳು.

“ಅದೇನು, ಈಗ ಏನೋ ಬಂತಲ್ಲ?” ಎಂದ ಜಂಪಣ್ಣ.

“ಟೈಮು. ಟೈಮು ಬರ್ಕಂತೈತೆ.”

“ಹಂಗಾರೆ ಆರ್ಸು.”

“ಹತ್ತು ನಿಮಿಷ ತಡಿ ಅಣ್ಣ.”

“ಯಾಕೆ? ಯಾರೂ ನೋಡಲ್ಲ ಅಂದ್ಯಲ್ಲ.”

ಚಿತ್ರಲಿಂಗಪ್ಪನೂ ತಲೆ ಎತ್ತಿ ನೋಡುತ್ತಿದ್ದ. ಅಡುಗೆ ಮನೆಯ ಬಾಗಿಲಲ್ಲಿ ಹುಚ್ಚಕ್ಕ ನಿಂತಿದ್ದಳು. ಹೌದು, ಯಾರೂ ನೋಡುವುದಿಲ್ಲ. ಯಾರೂ ನೋಡದಿದ್ದನ್ನು ಆರಿಸಲು ಯಾರನ್ನೂ ಕಾಯಬೇಕಿಲ್ಲ. ಪಾಲಣ್ಣ ಒತ್ತಿದ. ಕುರಿಯ ಮುಖ ನಡುವಿನಲ್ಲಿ ಒಂದು ಬಿಳಿ ಚುಕ್ಕೆಯಾಗಿ ಕುಗ್ಗಿ ಹೋಯಿತು. ಫ್ಯಾನು ನಿಧಾನವಾಗುತ್ತ ಆಗುತ್ತ ನಿಂತಿತು. ನಡುಮನೆ ಇಷ್ಟು ದೊಡ್ಡದಿದೆ ಎಂದು ಆಗ ಗೊತ್ತಾಯಿತು.

ಬಸ್‌ಸ್ಟ್ಯಾಂಡಿನವರೆಗೂ ಜೊತೆಯಲ್ಲಿ ಹೋದ. ಮುದುಕನನ್ನು ಕಿಟಕಿಯ ಪಕ್ಕ ಕೂರಿಸಿದ. ಜಂಪಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಕಾವ್ಯಂಗೆ ಫೋನ್ ಮಾಡಿದ್ರೆ ಕುರಿ ವಿಷ್ಯ ಹೇಳ್ಬ್ಯಾಡ. ಸುಮ್ನೆ ಮನಸ್ಸಿಗೆ ಹಚ್ಕಂತಾಳೆ,” ಎಂದ. ಬಸ್ಸು ಹೊರಟಿತು. ಮನೆಗೆ ಬಂದಾಗ ಹುಚ್ಚಕ್ಕ ಪರದೆಯ ಮೇಲೆ ಹೂವಿನ ಬಟ್ಟೆ ಹೊದಿಸಿದ್ದಳು. ಅವನು ಬಟ್ಟೆ ತೆಗೆಯಲಿಲ್ಲ. ಒಂದು ಬಿಳಿ ಹಾಳೆ ತೆಗೆದುಕೊಂಡು ಕೂತು, ಕಣ್ಣು ಮುಚ್ಚಿ, ಕುರಿಯ ಬೆನ್ನ ಮೇಲೆ ಕೂತವನ ಹಾಗೆ ಎರಡೂ ಕೈಯನ್ನು ಒಮ್ಮೆ ಮುಂದೆ ಚಾಚಿದ. ಆಮೇಲೆ ಬರೆದ. ಕುರಿಯ ಹಿಂದಲೆ, ಎರಡು ಕಿವಿ. ಮುಖವಿಲ್ಲದೆ ಅದು ಕುರಿಯೆಂದೇ ಅನ್ನಿಸುತ್ತಿರಲಿಲ್ಲ. ತುದಿ ಹಾರಿಸಲು ಪೆನ್ಸಿಲ್ ಇಟ್ಟವನು ಹಾಗೇ ಎತ್ತಿದ. ಕಿವಿಗಳನ್ನು ಕತ್ತರಿಸದೆ ಬಿಟ್ಟ.

ಫೋನು ಬಡಿದುಕೊಂಡಿತು.

“ಚಿಕ್ಕಪ್ಪ, ನಾನು. ಕಾವ್ಯ.” ಹಿಂದೆ ಆಟೋಗಳ ಸದ್ದು. ಕಾಯಿನ್ ಬೂತು. “ನಿಮ್ಮ ಕಡೆ ಕರೆಂಟ್ ಹೋಗೈತಾ?”

ತಲೆಯ ಮೇಲೆ ಸೀಲಿಂಗ್ ಫ್ಯಾನು ತಿರುಗುತ್ತಿತ್ತು. ಹುಚ್ಚಕ್ಕ ದೇವರ ಮುಂದಿನ ಕೆಂಪು ಬಲ್ಬು ಹಾಕಿದ್ದಳು.

“ಹೂಂ ಕಣವ್ವ. ಹೋಗೈತೆ.”

“ಅದಕ್ಕೇ,” ಎಂದಳು. ಯಾತಕ್ಕೆ ಎಂದು ಹೇಳಲಿಲ್ಲ.

“ಕುರಿ ಎಡ ಬಲ ಆಗಿದ್ದು ನಿಂಗೆ ಗೊತ್ತಿತ್ತೇನೇ?”

ಆ ಕಡೆ ಇನ್ನೊಂದು ಕಾಯಿನ್ ಬಿದ್ದ ಸದ್ದು. ಆಮೇಲೆ ಸಣ್ಣ ದನಿ. “ಹೂಂ.”

“ಹೇಳ್ಬಾರ್ದಿತ್ತಾ?”

“ನೀವು ಬೈತೀರಿ ಅಂತ.”

ಪಾಲಣ್ಣ ರಿಸೀವರನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಬದಲಾಯಿಸಿದ. ಹೊತ್ತು ಮುಗಿಯುವ ಪೀಂ ಸದ್ದು ಶುರುವಾಗಿತ್ತು.

“ಯಾವಾಗ ಬರ್ತೈತೆ ಚಿಕ್ಕಪ್ಪ, ಕರೆಂಟು?”

“ಬರೋ ಬುಧವಾರ,” ಎಂದ ಪಾಲಣ್ಣ. “ನಾಲ್ಕು ಗಂಟೆಗೆ ಇರ್ತೈತೆ.”

ಅವಳು ಏನೋ ಹೇಳಲು ಉಸಿರೆಳೆದುಕೊಂಡದ್ದು ಕೇಳಿಸಿತು. ಲೈನು ಕಡಿಯಿತು.